ಕುದುರೆಗಳನ್ನು ಹೆದರಿಸದೆ ಪಳಗಿಸುವ ಕ್ರಮ – ಸಾಕಣೆದಾರರಿಗೆ ಮಾಹಿತಿ

1. ಪೀಠಿಕೆ

ರಾಜ್ಯದಲ್ಲಿ ಕುದುರೆಯು ಇಂದಿಗೂ ಅನೇಕ ಕುಟುಂಬಗಳ ಜೀವನಾಧಾರವಾಗಿದೆ. ಮೈಸೂರಿನ ಟಾಂಗಾ ಮತ್ತು ಸಾರೋಟುಗಳು, ಮದುವೆ ಮೆರವಣಿಗೆ ಹಾಗೂ ಜಾತ್ರೆ-ಉತ್ಸವಗಳಿಗೆ ಬಾಡಿಗೆಗೆ ನೀಡುವ ಕುದುರೆಗಳು, ಪ್ರವಾಸಿ ತಾಣಗಳ ಸವಾರಿ ಕುದುರೆಗಳು ಹಾಗೂ ಸವಾರಿ ಶಾಲೆಗಳು ಇದಕ್ಕೆ ಉದಾಹರಣೆಗಳಾಗಿವೆ. ಇಂತಹ ಕುದುರೆಗಳ ಮಾಲೀಕರು ಚಿಕಿತ್ಸೆ, ಲಸಿಕೆ, ರಕ್ತ ಪರೀಕ್ಷೆ ಮತ್ತು ಸಾಗಾಣಿಕೆಗೆ ಬೇಕಾದ ಆರೋಗ್ಯ ಪ್ರಮಾಣ ಪತ್ರಗಳಿಗಾಗಿ ಪಶುವೈದ್ಯ ಸಂಸ್ಥೆಗಳಿಗೆ ಬರುತ್ತಾರೆ.

ಹಾಗೆ ಬಂದ ಕುದುರೆಯು ಮೈಮುಟ್ಟಲು ಬಿಡದಿದ್ದರೆ ಸೇವೆ ನೀಡುವುದೇ ಕಷ್ಟವಾಗುತ್ತದೆ. ಸೂಜಿ ಕಂಡೊಡನೆ ಹಿಂಗಾಲಿನಲ್ಲಿ ನಿಲ್ಲುವ, ಗೊರಸು ಮುಟ್ಟಿದರೆ ಒದೆಯುವ, ವಾಹನ ಹತ್ತಲು ಒಪ್ಪದ ಕುದುರೆಯನ್ನು ಹಗ್ಗದಿಂದ ಕಟ್ಟಿ, ಮೇಲ್ದುಟಿಗೆ ಹುರಿ ಬಿಗಿದು ಹಿಡಿಯಬೇಕಾಗುತ್ತದೆ. ಒಮ್ಮೆ ಹೀಗೆ ನೋವುಂಡ ಕುದುರೆಯು ಮುಂದಿನ ಸಲ ಇನ್ನಷ್ಟು ಬೆದರುತ್ತದೆ. ಕ್ರಮೇಣ ಮಾಲೀಕರು ಆಸ್ಪತ್ರೆಗೆ ಕರೆತರುವುದನ್ನೇ ಮುಂದೂಡುತ್ತಾರೆ, ಗಾಯ ಮತ್ತು ರೋಗಗಳು ಉಲ್ಬಣಿಸುತ್ತವೆ. "ತಂಟೆಯ ಕುದುರೆ" ಎಂಬ ಹೆಸರು ಬಂದ ಪ್ರಾಣಿಯು ಕಡಿಮೆ ಬೆಲೆಗೆ ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋಗುತ್ತದೆ. ಅದನ್ನು ನಂಬಿದ ಕುಟುಂಬದ ದುಡಿಮೆಯೂ ನಿಲ್ಲುತ್ತದೆ.

ಇದಕ್ಕೆ ಪರಿಹಾರವು ಹೆಚ್ಚಿನ ಬಲಪ್ರಯೋಗವಲ್ಲ. ಕುದುರೆಯ ಸ್ವಭಾವವನ್ನು ಅರಿತು, ಹೆದರಿಸದೆ, ಹಂತ ಹಂತವಾಗಿ ಪಳಗಿಸುವ ಕ್ರಮವು ಸಾಕಣೆದಾರನಿಗೂ ಪ್ರಾಣಿಗೂ ಸುರಕ್ಷಿತವಾದುದು. ಸದರಿ ಕ್ರಮದ ತತ್ವಗಳು, ಅನುಸರಿಸಬೇಕಾದ ಹಂತಗಳು ಮತ್ತು ಸಂಬಂಧಿಸಿದ ಕಾನೂನಿನ ಅಂಶಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

2. ಕುದುರೆಯ ಸ್ವಭಾವ

ಕುದುರೆಯು ಬಯಲಿನಲ್ಲಿ ಗುಂಪಾಗಿ ಮೇಯುವ, ಅಪಾಯ ಕಂಡೊಡನೆ ಓಡಿ ಪಾರಾಗುವ ಪ್ರಾಣಿ. ಓಡುವುದು ಅದರ ಮೊದಲ ರಕ್ಷಣೆ. ಓಡಲು ದಾರಿಯಿಲ್ಲದಾಗ ಮಾತ್ರ ಅದು ಒದೆಯುತ್ತದೆ ಅಥವಾ ಕಚ್ಚುತ್ತದೆ. ಆದುದರಿಂದ ಸಾಮಾನ್ಯವಾಗಿ "ಮೊಂಡುತನ" ಎಂದು ಕರೆಯಲಾಗುವ ನಡವಳಿಕೆಯ ಮೂಲದಲ್ಲಿ ಬಹುಪಾಲು ಭಯ, ನೋವು ಅಥವಾ ಗೊಂದಲವೇ ಇರುತ್ತದೆ.

ಈ ಕೆಳಕಂಡ ಅಂಶಗಳನ್ನು ಸಾಕಣೆದಾರರು ಗಮನದಲ್ಲಿಡುವುದು ಅವಶ್ಯಕ.

ಅ) ದೃಷ್ಟಿ: ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಸುಮಾರು 350 ಡಿಗ್ರಿಗಳಷ್ಟು ಸುತ್ತಲಿನ ನೋಟವನ್ನು ಪಡೆಯುತ್ತದೆ. ಆದರೆ ನೇರ ಹಿಂಬದಿ ಮತ್ತು ಮೂತಿಯ ಕೆಳಭಾಗ ಅದಕ್ಕೆ ಕಾಣುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಬಂದು ಮುಟ್ಟಿದವರನ್ನು ಅದು ಒದೆಯುವುದು ಸಿಟ್ಟಿನಿಂದಲ್ಲ, ಯಾರೆಂದು ತಿಳಿಯದ ಬೆದರಿಕೆಯಿಂದ.

ಆ) ಬೆಳಕು: ಬಿಸಿಲಿನಿಂದ ಕತ್ತಲೆಗೆ ಬಂದಾಗ ಕುದುರೆಯ ಕಣ್ಣು ಹೊಂದಿಕೊಳ್ಳಲು ಮನುಷ್ಯನ ಕಣ್ಣಿಗಿಂತ ಹೆಚ್ಚು ಸಮಯ ಬೇಕು. ಕತ್ತಲೆಯ ಲಾಯ ಅಥವಾ ಸಾಗಾಣಿಕೆ ವಾಹನದ ಬಾಗಿಲಲ್ಲಿ ಅದು ನಿಂತುಬಿಡುವುದಕ್ಕೆ ಇದೂ ಒಂದು ಕಾರಣ.

ಇ) ಶ್ರವಣ: ಮನುಷ್ಯನಿಗೆ ಕೇಳಿಸದ ಎತ್ತರದ ಸ್ವರಗಳು ಕುದುರೆಗೆ ಕೇಳಿಸುತ್ತವೆ. ಕಿವಿಗಳ ದಿಕ್ಕು ಅದರ ಗಮನ ಎಲ್ಲಿದೆ ಎಂಬುದನ್ನು ತೋರಿಸುತ್ತದೆ. ಕಿವಿಗಳನ್ನು ಹಿಂದಕ್ಕೆ ಚಪ್ಪಟೆಯಾಗಿ ಒತ್ತಿಕೊಂಡಿದ್ದರೆ ಅದು ಎಚ್ಚರಿಕೆಯ ಸೂಚನೆ.

ಈ) ಸ್ಪರ್ಶ: ಮೈಮೇಲೆ ಕುಳಿತ ಒಂದು ನೊಣವನ್ನೂ ಅರಿತು ಚರ್ಮವನ್ನು ಅದುರಿಸಬಲ್ಲ ಪ್ರಾಣಿಗೆ ಸೂಚನೆ ನೀಡಲು ಬಲವಾದ ಪೆಟ್ಟಿನ ಅವಶ್ಯಕತೆ ಇರುವುದಿಲ್ಲ.

ಉ) ಸಂಗ: ಒಂಟಿಯಾಗಿ ಕಟ್ಟಿಹಾಕಿದ ಕುದುರೆಯು ಆತಂಕಕ್ಕೆ ಒಳಗಾಗುತ್ತದೆ. ಕಲಿಕೆಯ ಆರಂಭದಲ್ಲಿ ಮತ್ತೊಂದು ಶಾಂತ ಕುದುರೆಯು ಕಣ್ಣಿಗೆ ಕಾಣುವಂತಿದ್ದರೆ ಅನುಕೂಲ.

3. ಹಿನ್ನೆಲೆ

ಕುದುರೆಯನ್ನು ಸಹನೆಯಿಂದ ಪಳಗಿಸಬೇಕೆಂಬ ವಿಚಾರವು ಹೊಸದಲ್ಲ. ಕ್ರಿ.ಪೂ. 4ನೆಯ ಶತಮಾನದಲ್ಲಿ ಗ್ರೀಸ್ ದೇಶದ ಕ್ಸೆನೋಫೋನನು ಅಶ್ವಾರೋಹಣವನ್ನು ಕುರಿತ ತನ್ನ ಗ್ರಂಥದಲ್ಲಿ, ಕೋಪದಲ್ಲಿದ್ದಾಗ ಕುದುರೆಯೊಂದಿಗೆ ವ್ಯವಹರಿಸಬಾರದೆಂದು ತಿಳಿಸಿದ್ದಾನೆ. ಕನ್ನಡ ನಾಡಿನಲ್ಲಿಯೂ ಅಶ್ವಶಾಸ್ತ್ರಕ್ಕೆ ದೀರ್ಘ ಪರಂಪರೆ ಇದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆ ಸವಾರಿಗಾಗಿ ಪ್ರತ್ಯೇಕ ಭಾಗವಿದೆ. ಅಭಿನವಚಂದ್ರನು ಕನ್ನಡದಲ್ಲಿ ಅಶ್ವವೈದ್ಯವನ್ನು ಕುರಿತು ಗ್ರಂಥ ರಚಿಸಿದ್ದಾನೆ. ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆ ಬೇಕಾದ ಕುದುರೆಗಳ ಸಾಕಣೆಗೆ ಹೆಸರಾಗಿತ್ತು.

"ಸಹಜ ಅಶ್ವಪಾಲನೆ" ಎಂಬ ಅರ್ಥದ ಹೆಸರಿನಿಂದ ಇಂದು ಪ್ರಚಲಿತವಿರುವ ಕ್ರಮವು ಅಮೆರಿಕದ ಪಶ್ಚಿಮ ಭಾಗದ ದನಗಾಹಿಗಳಲ್ಲಿ ರೂಪುಗೊಂಡಿತು. ಟಾಮ್ ಡೊರನ್ಸ್ (1910-2003) ಮತ್ತು ಅವರ ಶಿಷ್ಯ ರೇ ಹಂಟ್ (1929-2009) ಇದರ ಪ್ರಮುಖರು. ಅಲ್ಲಿ ಅದುವರೆಗೆ ರೂಢಿಯಲ್ಲಿದ್ದುದು, ಕಾಡುಕುದುರೆಯನ್ನು ಕಟ್ಟಿ, ಅದು ಸುಸ್ತಾಗುವವರೆಗೆ ಮೇಲೆ ಕುಳಿತು ಅದರ ಹಟವನ್ನು "ಮುರಿಯುವ" ಪದ್ಧತಿ. ಅದಕ್ಕೆ ಬದಲಾಗಿ ಕುದುರೆಯು ತಾನಾಗಿ ಸರಿಯಾದುದನ್ನು ಕಂಡುಕೊಳ್ಳಲು ಅವಕಾಶ ನೀಡಬೇಕೆಂದು ಇವರು ಬೋಧಿಸಿದರು. ಅನಂತರ ಮಾಂಟಿ ರಾಬರ್ಟ್ಸ್, ಪ್ಯಾಟ್ ಪರೇಲಿ ಮುಂತಾದವರು ಈ ವಿಚಾರವನ್ನು ಅನೇಕ ದೇಶಗಳಿಗೆ ತಲುಪಿಸಿದರು.

ಕುದುರೆಯು ಮನುಷ್ಯನನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತದೆ ಎಂಬುದಕ್ಕೆ ಜರ್ಮನಿಯ ಒಂದು ಪ್ರಸಂಗವು ಪ್ರಸಿದ್ಧವಾಗಿದೆ. ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆಯು ಲೆಕ್ಕ ಮಾಡಿ ಗೊರಸಿನಿಂದ ಉತ್ತರ ತಟ್ಟುತ್ತದೆ ಎಂದು 1904ರ ಸುಮಾರಿಗೆ ಜನ ನಂಬಿದ್ದರು. ಆಸ್ಕರ್ ಫುಂಗ್ಸ್ಟ್ ಎಂಬ ವಿದ್ವಾಂಸರು ಪರೀಕ್ಷಿಸಿದಾಗ, ಕುದುರೆಗೆ ಲೆಕ್ಕ ಬಾರದೆಂದೂ, ಸರಿಯುತ್ತರ ಬಂದಾಗ ಪ್ರಶ್ನೆ ಕೇಳಿದವರ ತಲೆ ಮತ್ತು ಮುಖದಲ್ಲಿ ಅವರಿಗೇ ತಿಳಿಯದಂತೆ ಆಗುತ್ತಿದ್ದ ಅತಿ ಸಣ್ಣ ಚಲನೆಯನ್ನು ನೋಡಿ ಅದು ತಟ್ಟುವುದನ್ನು ನಿಲ್ಲಿಸುತ್ತಿತ್ತೆಂದೂ ತಿಳಿದುಬಂದಿತು. 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು, ಸಿಟ್ಟಿನ ಮುಖದ ಛಾಯಾಚಿತ್ರ ಕಂಡಾಗ ಕುದುರೆಗಳ ಹೃದಯ ಬಡಿತವು ಬೇಗ ಏರುವುದನ್ನು ದಾಖಲಿಸಿದರು. ಸಾಕಣೆದಾರನ ಗಡಿಬಿಡಿ, ಕೋಪ ಮತ್ತು ಅಂಜಿಕೆಗಳು ಕುದುರೆಗೆ ತಿಳಿಯುತ್ತವೆ ಎಂಬ ಹಿರಿಯರ ಅನುಭವದ ಮಾತಿಗೆ ಇವು ಪುಷ್ಟಿ ನೀಡುತ್ತವೆ.

4. ಕಲಿಕೆಯ ತತ್ವಗಳು

ಹೆದರಿಸದೆ ಪಳಗಿಸುವ ಕ್ರಮವು ನಾಲ್ಕು ಸರಳ ತತ್ವಗಳ ಮೇಲೆ ನಿಂತಿದೆ.

(i) ಒತ್ತಡ ಮತ್ತು ಬಿಡುವು: ಹಗ್ಗವನ್ನು ಮೆಲ್ಲಗೆ ಮುಂದಕ್ಕೆ ಬಿಗಿ ಮಾಡಿದಾಗ ಕುದುರೆಯು ಒಂದು ಹೆಜ್ಜೆ ಇಟ್ಟರೆ, ಆ ಕ್ಷಣದಲ್ಲಿಯೇ ಹಗ್ಗವನ್ನು ಸಡಿಲಿಸಬೇಕು. ಕುದುರೆಗೆ ಪಾಠವಾಗುವುದು ಎಳೆತದಿಂದಲ್ಲ, ಸಡಿಲದಿಂದ. ಹೆಜ್ಜೆ ಇಟ್ಟ ಮೇಲೂ ಎಳೆಯುತ್ತಲೇ ಇದ್ದರೆ ತಾನು ಮಾಡಿದ್ದು ಸರಿಯೋ ತಪ್ಪೋ ಅದಕ್ಕೆ ತಿಳಿಯುವುದಿಲ್ಲ. ಸದಾ ಬಿಗಿಯಾಗಿಯೇ ಇರುವ ಲಗಾಮಿನಿಂದ ಬಾಯಿ ಗಟ್ಟಿಯಾಗುವುದು, ಅಂದರೆ ಕುದುರೆಯು ಲಗಾಮಿನ ಸೂಚನೆಗೆ ಸ್ಪಂದಿಸದೆ ಹೋಗುವುದು, ಇದೇ ಕಾರಣದಿಂದ.

(ii) ಬಹುಮಾನ: ಸರಿಯಾದ ನಡವಳಿಕೆಯ ಒಂದೆರಡು ಸೆಕೆಂಡುಗಳೊಳಗೆ ಒಂದು ಹಿಡಿ ಹುಲ್ಲು, ಕ್ಯಾರೆಟ್ ತುಂಡು ಅಥವಾ ಕತ್ತಿನ ಬುಡದಲ್ಲಿ ಕೆರೆಯುವುದು ಕಲಿಕೆಯನ್ನು ಬಲಪಡಿಸುತ್ತದೆ. ತಡವಾಗಿ ಕೊಟ್ಟ ಬಹುಮಾನವನ್ನು ಕುದುರೆಯು ಹಿಂದಿನ ಕೆಲಸಕ್ಕೆ ಜೋಡಿಸಿಕೊಳ್ಳಲಾರದು. ತಿನಿಸನ್ನು ಕೈ ಬಿಚ್ಚಿ ಅಂಗೈ ಮೇಲಿಟ್ಟು ಅಥವಾ ಬಟ್ಟಲಿನಲ್ಲಿ ನೀಡತಕ್ಕದ್ದು.

(iii) ರೂಢಿ ಮಾಡಿಸುವುದು: ಭಯ ಹುಟ್ಟಿಸುವ ವಸ್ತು ಅಥವಾ ಶಬ್ದವನ್ನು ಮೊದಲು ದೂರದಿಂದ, ಕುದುರೆಯು ಶಾಂತವಾಗಿ ತಾಳಿಕೊಳ್ಳುವಷ್ಟು ಮಾತ್ರ ತೋರಿಸಿ, ದಿನದಿಂದ ದಿನಕ್ಕೆ ಹತ್ತಿರ ತರುವುದು.

(iv) ಒಂದು ಸಲಕ್ಕೆ ಒಂದೇ ಪಾಠ: ಒಂದು ಸೂಚನೆಗೆ ಒಂದೇ ಅರ್ಥವಿರಬೇಕು. ಲಗಾಮು ಎಳೆದು ನಿಲ್ಲಲು ಹೇಳುತ್ತಾ ಚಾಟಿಯಿಂದ ಮುಂದೆ ಹೋಗಲು ಹೇಳಿದರೆ ಕುದುರೆಗೆ ಎರಡೂ ತಿಳಿಯುವುದಿಲ್ಲ. ಮನೆಯ ಎಲ್ಲ ಸದಸ್ಯರೂ ಮತ್ತು ಲಾಯದ ಆಳುಗಳೂ ಒಂದೇ ಮಾತು, ಒಂದೇ ಸೂಚನೆಯನ್ನು ಬಳಸತಕ್ಕದ್ದು.

ಪೆಟ್ಟು ಕೊಡುವುದರಿಂದ ಏನು ಮಾಡಬಾರದು ಎಂಬುದನ್ನು ಸ್ವಲ್ಪಮಟ್ಟಿಗೆ ತಿಳಿಸಬಹುದಾದರೂ ಏನು ಮಾಡಬೇಕು ಎಂಬುದನ್ನು ತಿಳಿಸಲು ಸಾಧ್ಯವಿಲ್ಲ. ಬಸ್ಸಿಗೆ ಬೆದರಿದ ಕುದುರೆಗೆ ಚಾಟಿಯಿಂದ ಹೊಡೆದರೆ, ಬಸ್ಸು ಬಂದಾಗಲೆಲ್ಲ ನೋವಾಗುತ್ತದೆ ಎಂಬುದನ್ನಷ್ಟೇ ಅದು ಕಲಿಯುತ್ತದೆ.

5. ಅನುಸರಿಸಬೇಕಾದ ಹಂತಗಳು

ದಿನಕ್ಕೆ ಒಂದೆರಡು ಬಾರಿ, ಪ್ರತಿ ಬಾರಿ 10 ರಿಂದ 20 ನಿಮಿಷಗಳ ಪಾಠ ಸಾಕು. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತು ಉತ್ತಮ. ಕುದುರೆಯು ಒಂದು ಹಂತದಲ್ಲಿ ಶಾಂತವಾಗಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗತಕ್ಕದ್ದು. ಗಲಿಬಿಲಿಗೊಂಡರೆ ಒಂದು ಹಂತ ಹಿಂದಕ್ಕೆ ಬಂದು, ಅದಕ್ಕೆ ಬರುವ ಸುಲಭದ ಕೆಲಸವೊಂದನ್ನು ಮಾಡಿಸಿ, ಅಂದಿನ ಪಾಠವನ್ನು ಮುಗಿಸಬೇಕು.

ಹಂತ 1 – ಸಮೀಪಿಸುವುದು: ಮಾತನಾಡುತ್ತಾ, ಕುದುರೆಯ ಭುಜದ ಕಡೆಯಿಂದ, ಓರೆಯಾಗಿ ನಡೆದು ಬರುವುದು. ಅದು ತಲೆ ಎತ್ತಿ ಬಿಗಿಯಾದರೆ ಅಲ್ಲಿಯೇ ನಿಲ್ಲುವುದು. ತಲೆ ತಗ್ಗಿಸಿದಾಗ, ಬಾಯಿ ಮತ್ತು ಮೂಗಿನ ಹೊಳ್ಳೆಗಳು ಸಡಿಲವಾದಾಗ ಒಂದು ಹೆಜ್ಜೆ ಹಿಂದೆ ಸರಿದು ಬಿಡುವು ನೀಡುವುದು. ಮೊದಲ ಸ್ಪರ್ಶವು ಭುಜ ಮತ್ತು ಕತ್ತಿನ ಬುಡಕ್ಕಿರಲಿ, ಮುಖಕ್ಕಲ್ಲ.

ಹಂತ 2 – ತಲೆಪಟ್ಟಿ ಹಾಕುವುದು: ಹಗ್ಗ ಅಥವಾ ಬಟ್ಟೆಯ ತಲೆಪಟ್ಟಿಯನ್ನು ಮೊದಲು ಮೂಸಲು ಬಿಡುವುದು, ಅನಂತರ ಕತ್ತಿಗೆ ತಾಗಿಸುವುದು, ಆ ಮೇಲೆ ಮೂತಿಗೆ ತೊಡಿಸುವುದು. ಕಿವಿಯನ್ನು ಹಿಡಿದು ಎಳೆಯಬಾರದು.

ಹಂತ 3 – ಹಗ್ಗದಲ್ಲಿ ನಡೆಸುವುದು: ನಡೆ, ನಿಲ್ಲು, ಹಿಂದೆ ಸರಿ ಎಂಬ ಮೂರು ಪಾಠಗಳು ಮುಂದಿನ ಎಲ್ಲ ಕೆಲಸಗಳಿಗೂ ಬುನಾದಿ. ನಡೆಸುವವರು ಕುದುರೆಯ ಭುಜದ ಪಕ್ಕದಲ್ಲಿರತಕ್ಕದ್ದು. ಹಗ್ಗವನ್ನು ಯಾವ ಕಾರಣಕ್ಕೂ ಕೈಗೆ ಅಥವಾ ಸೊಂಟಕ್ಕೆ ಸುತ್ತಿಕೊಳ್ಳಬಾರದು. ಕುದುರೆಯು ಬೆದರಿ ಓಡಿದಲ್ಲಿ ಪ್ರಾಣಾಪಾಯ ಸಂಭವಿಸಬಹುದು.

ಹಂತ 4 – ಕಾಲು ಎತ್ತಿಸುವುದು: ಭುಜದಿಂದ ಕೈಯನ್ನು ಕೆಳಗೆ ಜಾರಿಸುತ್ತಾ ಕಾಲನ್ನು ಮುಟ್ಟಿ, ಅದು ತೂಕವನ್ನು ಬೇರೆ ಕಾಲಿಗೆ ಬದಲಿಸಿದ ಕೂಡಲೇ ಕೈ ತೆಗೆಯುವುದು. ಮೊದಲ ದಿನಗಳಲ್ಲಿ ಗೊರಸನ್ನು ಒಂದೆರಡು ಸೆಕೆಂಡು ಮಾತ್ರ ಎತ್ತಿ ಇಳಿಸುವುದು. ಅನಂತರ ಗೊರಸಿನ ಅಡಿಗೆ ಕೈಯಿಂದ ತಟ್ಟಿ, ಲಾಳ ಹೊಡೆಯುವ ಶಬ್ದಕ್ಕೆ ಅಭ್ಯಾಸ ಮಾಡಿಸುವುದು. ಲಾಳ ಕಟ್ಟಿದ ಕುದುರೆಗಳಿಗೆ ಸಾಮಾನ್ಯವಾಗಿ 6 ರಿಂದ 8 ವಾರಗಳಿಗೊಮ್ಮೆ ಗೊರಸು ತಿದ್ದಿ ಲಾಳ ಬದಲಿಸಬೇಕಾಗಿರುವುದರಿಂದ ಈ ಪಾಠವು ಜೀವಮಾನವಿಡೀ ಉಪಯೋಗಕ್ಕೆ ಬರುತ್ತದೆ.

ಹಂತ 5 – ಜೀನು ಮತ್ತು ಕಡಿವಾಣ: ಮಡಚಿದ ಕಂಬಳಿಯನ್ನು ಬೆನ್ನ ಮೇಲೆ ಇಟ್ಟು ತೆಗೆಯುವುದರಿಂದ ಆರಂಭಿಸಿ ಜೀನಿಗೆ ಬರುವುದು. ಹೊಟ್ಟೆಪಟ್ಟಿಯನ್ನು ಒಮ್ಮೆಲೇ ಬಿಗಿಯದೆ ಎರಡು ಮೂರು ಸಲವಾಗಿ ಬಿಗಿಯುವುದು. ಕಡಿವಾಣವು ನಯವಾಗಿದ್ದು ಬಾಯಿಯ ಅಗಲಕ್ಕೆ ಹೊಂದಬೇಕು.

ಹಂತ 6 – ಬಂಡಿಗೆ ಹೂಡುವುದು: ಮೊದಲು ಬಂಡಿ ಇಲ್ಲದೆ ಸರಂಜಾಮು ಮಾತ್ರ ತೊಡಿಸಿ ನಡೆಸುವುದು. ನಂತರ ಉದ್ದ ಲಗಾಮು ಹಿಡಿದು ಸುರಕ್ಷಿತ ದೂರದಲ್ಲಿ ಹಿಂದಿನಿಂದ ನಡೆಸುವುದು. ಬಳಿಕ ಸಹಾಯಕರೊಬ್ಬರು ಹಳೆಯ ಟೈರೊಂದನ್ನು ಕುದುರೆಯ ಪಕ್ಕದಲ್ಲಿ ಎಳೆಯುತ್ತಾ ಸದ್ದಿನ ಅಭ್ಯಾಸ ಮಾಡಿಸಿ, ಅನಂತರ ಕುದುರೆಯಿಂದಲೇ ಎಳೆಸುವುದು. ಕೊನೆಯಲ್ಲಿ ಖಾಲಿ ಬಂಡಿ, ಆ ಮೇಲೆ ಒಬ್ಬ ವ್ಯಕ್ತಿ, ಅದಾದ ಮೇಲೆ ಪೂರ್ಣ ಭಾರ. ಹೊಸ ಕುದುರೆಯನ್ನು ನೇರವಾಗಿ ಜನನಿಬಿಡ ರಸ್ತೆಗೆ ತರಬಾರದು.

ವಯಸ್ಸಿನ ಬಗ್ಗೆ ಸೂಚನೆ: ಮುಟ್ಟುವುದು, ತಲೆಪಟ್ಟಿ ಹಾಕುವುದು, ಕಾಲು ಎತ್ತಿಸುವುದನ್ನು ಮರಿಯಾಗಿದ್ದಾಗಲೇ ಆರಂಭಿಸಬಹುದು. ಆದರೆ ಭಾರದ ಕೆಲಸಕ್ಕೆ ಅವಸರಪಡಬಾರದು. ಕಾಲಿನ ಕೆಳಭಾಗದ ಎಲುಬುಗಳು ಬೇಗ ಬಲಿತರೂ ಬೆನ್ನೆಲುಬು ಪೂರ್ಣ ಬಲಿಯಲು 5 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಕುದುರೆಯ ಮುಂಭಾಗದ ಹಾಲುಹಲ್ಲುಗಳು ಸರಿಸುಮಾರು ಎರಡೂವರೆ, ಮೂರೂವರೆ ಮತ್ತು ನಾಲ್ಕೂವರೆ ವರ್ಷಗಳಲ್ಲಿ ಜೋಡಿ ಜೋಡಿಯಾಗಿ ಬದಲಾಗುತ್ತವೆ. ಖರೀದಿಗೆ ಮುನ್ನ ಪಶುವೈದ್ಯರಿಂದ ಹಲ್ಲು ಪರೀಕ್ಷೆ ಮಾಡಿಸಿ ವಯಸ್ಸನ್ನು ಅಂದಾಜಿಸಿಕೊಳ್ಳುವುದು ಸೂಕ್ತ.

6. ಶಬ್ದ ಮತ್ತು ಜನಸಂದಣಿಗೆ ರೂಢಿ ಮಾಡಿಸುವುದು

ಮೈಸೂರು ದಸರಾ ಮಹೋತ್ಸವದಲ್ಲಿ ಜಂಬೂಸವಾರಿಗೆ ಮುನ್ನ ಕುಶಾಲತೋಪು ಹಾರಿಸುವ ಸಂಪ್ರದಾಯವಿದೆ. ಉತ್ಸವಕ್ಕೆ ಮೊದಲೇ ಆನೆಗಳಿಗೂ ಅಶ್ವಾರೋಹಿ ದಳದ ಕುದುರೆಗಳಿಗೂ ಫಿರಂಗಿ ಶಬ್ದದ ತಾಲೀಮು ನಡೆಸಲಾಗುತ್ತದೆ. ಸಾವಿರಾರು ಜನರ ನಡುವೆ ಸಾಗುವ ಪ್ರಾಣಿಗೆ ಅಂದೇ ಮೊದಲ ಬಾರಿಗೆ ಆ ಶಬ್ದ ಕೇಳಿಸಬಾರದು ಎಂಬುದೇ ಇದರ ಉದ್ದೇಶ.

ಮದುವೆ ಮತ್ತು ಮೆರವಣಿಗೆಗಳಿಗೆ ಕುದುರೆ ನೀಡುವವರಿಗೂ ಇದೇ ಉದ್ದೇಶ ಅನ್ವಯಿಸುತ್ತದೆ. ವಾದ್ಯ, ತಮಟೆ, ಬಣ್ಣದ ದೀಪ ಮತ್ತು ಛತ್ರಿಗಳನ್ನು ಒಂದೊಂದಾಗಿ, ದೂರದಿಂದ ಹತ್ತಿರಕ್ಕೆ, ಹಲವು ದಿನಗಳಲ್ಲಿ ಪರಿಚಯಿಸತಕ್ಕದ್ದು. ತಮಟೆಯನ್ನು ಮೊದಲ ದಿನ ದೂರದ ಬಯಲಿನಲ್ಲಿ ಮೆಲ್ಲಗೆ ಬಾರಿಸಿ, ಕುದುರೆಯು ಹುಲ್ಲು ತಿನ್ನುತ್ತಲೇ ಇದ್ದಲ್ಲಿ ಮರುದಿನ ಕೆಲವು ಹೆಜ್ಜೆ ಹತ್ತಿರ ಬರುವುದು. ಹುಲ್ಲು ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿದಲ್ಲಿ ಶಬ್ದವು ಅದರ ಸಹನೆಯನ್ನು ಮೀರಿದೆ ಎಂದು ತಿಳಿಯುವುದು. ಕುದುರೆಯ ಪಕ್ಕದಲ್ಲಿ ಪಟಾಕಿ ಸಿಡಿಸಲು ಯಾವ ಸಂದರ್ಭದಲ್ಲಿಯೂ ಅವಕಾಶ ನೀಡಬಾರದು. ಈ ಷರತ್ತನ್ನು ಬಾಡಿಗೆ ಒಪ್ಪುವಾಗಲೇ ತಿಳಿಸುವುದು ಒಳಿತು.

7. ಚಿಕಿತ್ಸೆ ಮತ್ತು ಪರೀಕ್ಷೆಗೆ ಸಿದ್ಧಗೊಳಿಸುವುದು

ಆಸ್ಪತ್ರೆಯಲ್ಲಿ ಆಗುವ ಪ್ರತಿಯೊಂದು ಕ್ರಿಯೆಯನ್ನೂ ಮನೆಯಲ್ಲಿಯೇ, ನೋವಿಲ್ಲದೆ, ಮುಂಚಿತವಾಗಿ ಅಭ್ಯಾಸ ಮಾಡಿಸಬಹುದು.

• ಚುಚ್ಚುಮದ್ದು ಮತ್ತು ರಕ್ತ ಸಂಗ್ರಹ: ಕತ್ತಿನ ಪಕ್ಕದಲ್ಲಿ ಬೆರಳಿನಿಂದ ಒತ್ತುವುದು, ಒದ್ದೆ ಹತ್ತಿಯಿಂದ ಒರೆಸುವುದು, ಚರ್ಮವನ್ನು ಮೆಲ್ಲಗೆ ಚಿವುಟಿ ಕೂಡಲೇ ತಿನಿಸು ನೀಡುವುದು.
• ಜ್ವರ ನೋಡುವುದು: ಬಾಲವನ್ನು ಮೆಲ್ಲಗೆ ಸರಿಸಲು ಬಿಡುವಂತೆ, ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿಸುವುದು.
• ಬಾಯಿ ಪರೀಕ್ಷೆ: ತುಟಿ ಎತ್ತಿ ಒಸಡು ಮುಟ್ಟುವುದು.
• ಅಪರಿಚಿತರು: ನೆರೆಹೊರೆಯವರಿಂದಲೂ ಮುಟ್ಟಿಸಿ ರೂಢಿ ಮಾಡುವುದು.
• ವಾಹನ ಹತ್ತಿಸುವುದು: ನಿಂತ ವಾಹನದ ಇಳಿಜಾರು ಹಲಗೆಯ ಮೇಲೆ ಒಂದು ಹೆಜ್ಜೆ ಇಟ್ಟು ಇಳಿಯುವುದರಿಂದ ಆರಂಭಿಸುವುದು. ಒಳಭಾಗದಲ್ಲಿ ಬೆಳಕಿರಬೇಕು.

ಶಾಂತವಾಗಿ ನಿಲ್ಲುವ ಕುದುರೆಯಿಂದ ರೋಗ ನಿರ್ಣಯವೂ ನಿಖರವಾಗುತ್ತದೆ. ಆರೋಗ್ಯವಂತ ವಯಸ್ಕ ಕುದುರೆಯಲ್ಲಿ ವಿಶ್ರಾಂತಿಯ ಸಮಯದ ಹೃದಯ ಬಡಿತ ನಿಮಿಷಕ್ಕೆ ಸುಮಾರು 28 ರಿಂದ 44, ಉಸಿರಾಟ 8 ರಿಂದ 16, ದೇಹದ ಉಷ್ಣತೆ ಸುಮಾರು 37.5 ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹೆದರಿದ ಕುದುರೆಯಲ್ಲಿ ಬಡಿತ ಮತ್ತು ಉಸಿರಾಟ ಏರುವುದರಿಂದ, ಹೊಟ್ಟೆಶೂಲೆಯಂತಹ ನೋವಿನ ಏರಿಕೆಯನ್ನು ಭಯದ ಏರಿಕೆಯಿಂದ ಬೇರ್ಪಡಿಸಿ ಗುರುತಿಸುವುದು ವೈದ್ಯರಿಗೆ ಕಷ್ಟವಾಗುತ್ತದೆ.

ರಕ್ತ ಪರೀಕ್ಷೆಯ ಮಹತ್ವ: ಗ್ಲ್ಯಾಂಡರ್ಸ್ ರೋಗವು ಕುದುರೆ, ಕತ್ತೆ ಮತ್ತು ಹೇಸರಗತ್ತೆಗಳಿಗೆ ಬರುವ ಮಾರಕ ಬ್ಯಾಕ್ಟೀರಿಯಾ ರೋಗವಾಗಿದ್ದು, ಮನುಷ್ಯರಿಗೂ ಹರಡಬಲ್ಲದು. ಮೂಗಿನಿಂದ ಗಟ್ಟಿ ಸ್ರಾವ, ಮೂಗಿನ ಒಳಗೆ ಹುಣ್ಣು, ಚರ್ಮದ ಮೇಲೆ ಗಂಟುಗಳು ಇದರ ಲಕ್ಷಣಗಳು. ಇದಕ್ಕೆ ಲಸಿಕೆ ಇಲ್ಲ. ಹೊರಗೆ ಲಕ್ಷಣ ತೋರದ ಪ್ರಾಣಿಯಲ್ಲಿಯೂ ರೋಗಾಣು ಇರಬಹುದಾದ್ದರಿಂದ ರಕ್ತ ಪರೀಕ್ಷೆ ಮುಖ್ಯವಾಗುತ್ತದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಈ ರೋಗದ ಪರೀಕ್ಷೆಯಲ್ಲಿ ಪ್ರಮುಖ ಸಂಸ್ಥೆಯಾಗಿದೆ. ರಕ್ತ ನೀಡಲು ಶಾಂತವಾಗಿ ನಿಲ್ಲುವ ಕುದುರೆಯು ತನ್ನ ಲಾಯದ ಇತರ ಕುದುರೆಗಳಿಗೂ, ಅದನ್ನು ನೋಡಿಕೊಳ್ಳುವ ಕುಟುಂಬಕ್ಕೂ ರಕ್ಷಣೆಯಾಗುತ್ತದೆ.

8. ಮೊದಲು ನೋವಿನ ಪರೀಕ್ಷೆ, ಅನಂತರ ಪಾಠ

ಚೆನ್ನಾಗಿದ್ದ ಕುದುರೆಯು ಇದ್ದಕ್ಕಿದ್ದಂತೆ ಮೊಂಡು ಹಿಡಿದಲ್ಲಿ ಪಳಗಿಸುವ ಮೊದಲು ಈ ಕೆಳಗಿನವುಗಳನ್ನು ಪರೀಕ್ಷಿಸತಕ್ಕದ್ದು.

1) ಜೀನು ಅಥವಾ ಸರಂಜಾಮಿನ ಕೆಳಗೆ ಹುಣ್ಣು, ಊತ, ಕೂದಲು ಉದುರಿದ ಜಾಗ.
2) ಬಾಯಿಯ ಮೂಲೆಗಳಲ್ಲಿ ಸೀಳು, ನಾಲಿಗೆಯ ಗಾಯ, ಹಲ್ಲಿನ ಚೂಪು ಅಂಚು.
3) ಗೊರಸಿನಲ್ಲಿ ಕಲ್ಲು, ಮೊಳೆ, ಬಿಸಿ ಅಥವಾ ದುರ್ವಾಸನೆ, ಸಡಿಲವಾದ ಲಾಳ.
4) ಬೆನ್ನನ್ನು ಒತ್ತಿದಾಗ ಕುಗ್ಗುವುದು, ಕುಂಟುವುದು.
5) ಮೇವು ಬಿಡುವುದು, ಪದೇ ಪದೇ ಹೊಟ್ಟೆಯ ಕಡೆ ತಿರುಗಿ ನೋಡುವುದು, ಮಲಗಿ ಹೊರಳುವುದು. ಇವು ಹೊಟ್ಟೆಶೂಲೆಯ ಲಕ್ಷಣಗಳಾಗಿದ್ದು ತುರ್ತು ಚಿಕಿತ್ಸೆ ಅವಶ್ಯಕ.

ಕಿವಿ ಹಿಂದಕ್ಕೆ ಗಟ್ಟಿಯಾಗಿ ಸೆಳೆದಿರುವುದು, ಕಣ್ಣಿನ ಸುತ್ತ ಬಿಗಿತ, ದವಡೆ ಮತ್ತು ಮೂತಿಯ ಬಿಗಿತಗಳು ನೋವಿನ ಮುಖಲಕ್ಷಣಗಳೆಂದು ಸಂಶೋಧಕರು ಗುರುತಿಸಿದ್ದಾರೆ. ನೋವಿರುವ ಕುದುರೆಗೆ ಯಾವ ಪಾಠವೂ ಹತ್ತುವುದಿಲ್ಲ.

9. ಹೆಸರಿನಿಂದ ಮೋಸಹೋಗದಿರುವುದು

"ಮೃದು", "ಸಹಜ" ಎಂಬ ಹೆಸರಿನಲ್ಲಿ ಮಾಡುವ ಎಲ್ಲವೂ ಮೃದುವಾಗಿರುವುದಿಲ್ಲ. ವೃತ್ತಾಕಾರದ ಆವರಣದಲ್ಲಿ ಕುದುರೆಯನ್ನು ಓಡಿಸಿ, ಅದು ದಣಿದು ತರಬೇತುದಾರನ ಬಳಿಗೆ ಬಂದಾಗ ನಂಬಿಕೆ ಬಂದಿತೆಂದು ಹೇಳುವ ವಿಧಾನವು ಪ್ರಚಾರದಲ್ಲಿದೆ. ಬೆದರಿಸಿ ಓಡಿಸುವುದು ಕುದುರೆಗೆ ಒತ್ತಡ ಉಂಟುಮಾಡುತ್ತದೆ ಎಂದು ಅಶ್ವ ನಡವಳಿಕೆಯ ತಜ್ಞರು ಇದನ್ನು ಪ್ರಶ್ನಿಸಿದ್ದಾರೆ. ಅದೇ ರೀತಿ, ಕುದುರೆಯನ್ನು ಕಟ್ಟಿಹಾಕಿ ಅದು ಹೋರಾಟ ಬಿಡುವವರೆಗೆ ಭಯದ ವಸ್ತುವನ್ನು ಮೈಮೇಲೆ ಹಾಕುವುದೂ ಅಪಾಯಕಾರಿ. ಆಸೆ ಬಿಟ್ಟು ಕಲ್ಲಿನಂತೆ ನಿಂತ ಕುದುರೆಯು ಶಾಂತವಾಗಿದೆ ಎಂದು ಅರ್ಥವಲ್ಲ. ಅಂತಹ ಕುದುರೆಯು ಯಾವುದೇ ಮುನ್ಸೂಚನೆ ಇಲ್ಲದೆ ಸಿಡಿಯಬಹುದು.

ಮನುಷ್ಯನು ಕುದುರೆಗೆ "ಯಜಮಾನ" ಎಂಬುದನ್ನು ತೋರಿಸಿಕೊಡಬೇಕೆಂಬ ನಂಬಿಕೆಗೂ ಸಮರ್ಪಕ ಆಧಾರವಿಲ್ಲ. ಕುದುರೆಗೆ ಬೇಕಾದುದು ಸ್ಪಷ್ಟ ಸೂಚನೆ, ಸಕಾಲದ ಬಿಡುವು ಮತ್ತು ದಿನನಿತ್ಯದ ಒಂದೇ ರೀತಿಯ ವರ್ತನೆ. ಶಾಂತವಾದ ಕುದುರೆಯು ಕಿವಿಗಳನ್ನು ಆಡಿಸುತ್ತದೆ, ಸುತ್ತ ನೋಡುತ್ತದೆ, ತಿನಿಸನ್ನು ಸ್ವೀಕರಿಸುತ್ತದೆ. ತರಬೇತುದಾರರನ್ನು ಗೊತ್ತುಪಡಿಸುವಾಗ ಮಾಲೀಕರು ಖುದ್ದಾಗಿ ನಿಂತು ಈ ಲಕ್ಷಣಗಳನ್ನು ಗಮನಿಸುವುದು ಸೂಕ್ತ.

10. ಕಾನೂನಿನ ಅಂಶಗಳು

ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ ಪ್ರಕರಣ 11ರ ಅನ್ವಯ ಪ್ರಾಣಿಯನ್ನು ಹೊಡೆಯುವುದು, ಒದೆಯುವುದು, ಮಿತಿಮೀರಿ ಸವಾರಿ ಮಾಡುವುದು ಅಥವಾ ದುಡಿಸುವುದು, ಮಿತಿಮೀರಿ ಭಾರ ಹೇರುವುದು ಹಾಗೂ ರೋಗ, ಗಾಯ ಅಥವಾ ವಯಸ್ಸಿನಿಂದ ಅಸಮರ್ಥವಾದ ಪ್ರಾಣಿಯನ್ನು ಕೆಲಸಕ್ಕೆ ಬಳಸುವುದು ಶಿಕ್ಷಾರ್ಹ ಅಪರಾಧ.

ಬಂಡಿ ಎಳೆಯುವ ಮತ್ತು ಭಾರ ಹೊರುವ ಪ್ರಾಣಿಗಳಿಗೆ ಸಂಬಂಧಿಸಿದ 1965ರ ನಿಯಮಗಳ ಮುಖ್ಯ ಅಂಶಗಳು ಈ ಕೆಳಕಂಡಂತಿವೆ.

• ದಿನಕ್ಕೆ ಒಟ್ಟು 9 ಗಂಟೆಗಳಿಗಿಂತ ಹೆಚ್ಚು ದುಡಿಸುವಂತಿಲ್ಲ.
• ವಿಶ್ರಾಂತಿ ನೀಡದೆ ಸತತ 5 ಗಂಟೆಗಳಿಗಿಂತ ಹೆಚ್ಚು ದುಡಿಸುವಂತಿಲ್ಲ.
• ಉಷ್ಣಾಂಶವು 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12 ರಿಂದ 3 ಗಂಟೆಯವರೆಗೆ ದುಡಿಸುವಂತಿಲ್ಲ.
• ಬಂಡಿಯಲ್ಲಿ ಚಾಲಕ ಮತ್ತು 6 ವರ್ಷದೊಳಗಿನ ಮಕ್ಕಳನ್ನು ಹೊರತುಪಡಿಸಿ 4 ಜನರಿಗಿಂತ ಹೆಚ್ಚು ಮಂದಿಯನ್ನು ಕೂರಿಸುವಂತಿಲ್ಲ.
• ಮುಳ್ಳು, ಗುಬುಟು ಅಥವಾ ಚೂಪು ಅಂಚುಗಳಿರುವ ಕಡಿವಾಣ, ಕೋಲು ಮತ್ತು ಸರಂಜಾಮುಗಳನ್ನು ಬಳಸುವಂತಿಲ್ಲ.

ಮುಳ್ಳಿನ ಕಡಿವಾಣವನ್ನು "ಹತೋಟಿಗಾಗಿ" ಬಳಸುವ ರೂಢಿ ಕೆಲವೆಡೆ ಕಂಡುಬರುತ್ತದೆ. ಇದು ಕಾನೂನುಬಾಹಿರವಷ್ಟೇ ಅಲ್ಲದೆ, ಬಾಯಿ ಗಾಯಗೊಂಡ ಕುದುರೆಯು ನೋವಿನಿಂದ ತಪ್ಪಿಸಿಕೊಳ್ಳಲು ಇನ್ನೂ ಜೋರಾಗಿ ಓಡುವ ಸಂಭವವಿರುವುದರಿಂದ ಹತೋಟಿಯ ಉದ್ದೇಶವೂ ಈಡೇರುವುದಿಲ್ಲ.

ಚಲನಚಿತ್ರ ಅಥವಾ ಪ್ರದರ್ಶನಗಳಿಗಾಗಿ ಕುದುರೆಗಳಿಗೆ ತರಬೇತಿ ನೀಡಿ ಬಳಸುವವರು ಪ್ರದರ್ಶಕ ಪ್ರಾಣಿಗಳ ನೋಂದಣಿ ನಿಯಮಗಳು, 2001ರನ್ವಯ ನೋಂದಣಿ ಪಡೆಯತಕ್ಕದ್ದು. ಗ್ಲ್ಯಾಂಡರ್ಸ್ ಸೇರಿದಂತೆ ಅನುಸೂಚಿತ ರೋಗಗಳ ಶಂಕೆ ಇದ್ದಲ್ಲಿ, ಪ್ರಾಣಿಗಳಲ್ಲಿನ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಅಧಿನಿಯಮ, 2009ರನ್ವಯ ಮಾಹಿತಿ ನೀಡುವುದು ಮಾಲೀಕರ ಕರ್ತವ್ಯವಾಗಿದೆ.

11. ಸೇವೆ ಪಡೆಯಲು ಬರುವವರಿಗೆ ಸೂಚನೆಗಳು

ಅ) ಕುದುರೆಯು ಯಾವುದಕ್ಕೆ ಬೆದರುತ್ತದೆ, ಹಿಂದೆ ಒದ್ದಿದೆಯೇ ಅಥವಾ ಕಚ್ಚಿದೆಯೇ ಎಂಬುದನ್ನು ಮುಚ್ಚಿಡದೆ ಪಶುವೈದ್ಯರಿಗೆ ಮೊದಲೇ ತಿಳಿಸುವುದು.
ಆ) ಕುದುರೆಗೆ ಪರಿಚಯವಿರುವ ವ್ಯಕ್ತಿಯೇ ಅದನ್ನು ಕರೆತರುವುದು. ಮಕ್ಕಳನ್ನು ದೂರ ಇರಿಸುವುದು.
ಇ) ಗಟ್ಟಿಯಾದ ತಲೆಪಟ್ಟಿ, ಸಾಕಷ್ಟು ಉದ್ದದ ಹಗ್ಗ, ಸ್ವಲ್ಪ ಪರಿಚಿತ ತಿನಿಸು ತರುವುದು. ಪಾದಗಳನ್ನು ಪೂರ್ತಿ ಮುಚ್ಚುವ ಪಾದರಕ್ಷೆ ಧರಿಸುವುದು.
ಈ) ಜನದಟ್ಟಣೆ ಇಲ್ಲದ ವೇಳೆಯನ್ನು ಪಶುವೈದ್ಯರೊಂದಿಗೆ ಮೊದಲೇ ಗೊತ್ತುಪಡಿಸಿಕೊಳ್ಳುವುದು.
ಉ) ಹಿಂದಿನ ಲಸಿಕೆ ಮತ್ತು ಚಿಕಿತ್ಸೆಯ ದಾಖಲೆಗಳನ್ನು ಜೊತೆಯಲ್ಲಿ ತರುವುದು. ಗಾಯಗಳಿಂದ ಧನುರ್ವಾಯು ತಗಲುವ ಅಪಾಯವು ಕುದುರೆಗಳಲ್ಲಿ ಹೆಚ್ಚಾಗಿರುವುದರಿಂದ ಧನುರ್ವಾಯು ಲಸಿಕೆಯ ವಿವರವನ್ನು ತಪ್ಪದೆ ತಿಳಿಸುವುದು.
ಊ) ನಡೆಯಲಾರದ ಅಥವಾ ಮಲಗಿದಲ್ಲಿಂದ ಏಳಲಾರದ ಕುದುರೆಗೆ ಸಂಚಾರಿ ಪಶು ಚಿಕಿತ್ಸಾಲಯದ ನೆರವಿಗಾಗಿ 1962 ಉಚಿತ ಸಹಾಯವಾಣಿಗೆ ಕರೆ ಮಾಡುವುದು.

12. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಈ ಕ್ರಮದಲ್ಲಿ ಕುದುರೆ ಪಳಗಲು ಎಷ್ಟು ಕಾಲ ಬೇಕು?
ಉತ್ತರ: ಇದು ಕುದುರೆಯ ವಯಸ್ಸು ಮತ್ತು ಹಿಂದಿನ ಅನುಭವವನ್ನು ಅವಲಂಬಿಸಿದೆ. ಹೊಸ ಮರಿಯು ಕೆಲವು ದಿನಗಳಲ್ಲಿಯೇ ತಲೆಪಟ್ಟಿಗೆ ಒಗ್ಗಬಹುದು. ಪೆಟ್ಟು ತಿಂದು ಬೆದರಿದ ಕುದುರೆಗೆ ಅನೇಕ ತಿಂಗಳುಗಳೇ ಬೇಕಾಗಬಹುದು.

ಪ್ರಶ್ನೆ: ಚಾಟಿ ಇಲ್ಲದೆ ಟಾಂಗಾ ಓಡಿಸಲು ಸಾಧ್ಯವೇ?
ಉತ್ತರ: ಸಾಧ್ಯ. ಮಾತಿನ ಸೂಚನೆಗೆ ನಡೆಯಲು ಮತ್ತು ನಿಲ್ಲಲು ಮೊದಲೇ ಕಲಿತ ಕುದುರೆಗೆ ಲಗಾಮಿನ ಸಣ್ಣ ಸ್ಪರ್ಶ ಸಾಕಾಗುತ್ತದೆ.

ಪ್ರಶ್ನೆ: ತಿನಿಸು ಕೊಟ್ಟರೆ ಕಚ್ಚುವ ಚಟ ಹತ್ತುವುದಿಲ್ಲವೇ?
ಉತ್ತರ: ಕುದುರೆಯು ಕೈ ಅಥವಾ ಜೇಬನ್ನು ತಡಕಾಡುವಾಗ ಕೊಟ್ಟರೆ ಹತ್ತುತ್ತದೆ. ಮುಖವನ್ನು ನೇರವಾಗಿಟ್ಟು ಸುಮ್ಮನೆ ನಿಂತಾಗ ಮಾತ್ರ ಕೊಟ್ಟರೆ ಸುಮ್ಮನೆ ನಿಲ್ಲುವುದನ್ನೇ ಅದು ಕಲಿಯುತ್ತದೆ.

ಪ್ರಶ್ನೆ: ವಯಸ್ಸಾದ ಕುದುರೆಗೂ ಹೊಸ ಪಾಠ ಕಲಿಸಬಹುದೇ?
ಉತ್ತರ: ಕಲಿಸಬಹುದು. ಆದರೆ ಹಲ್ಲು, ಕೀಲು ಮತ್ತು ಕಣ್ಣಿನ ಪರೀಕ್ಷೆಯನ್ನು ಮೊದಲು ಮಾಡಿಸತಕ್ಕದ್ದು.

ಕುದುರೆ ಸಾಕಣೆದಾರರು ಮೇಲ್ಕಂಡ ಕ್ರಮಗಳನ್ನು ಅನುಸರಿಸಿ, ಅನುಮಾನವಿದ್ದಲ್ಲಿ ತಮ್ಮ ಸಮೀಪದ ಪಶುವೈದ್ಯ ಸಂಸ್ಥೆಯ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸಿ ಸಲಹೆ ಪಡೆಯಲು ಕೋರಲಾಗಿದೆ. ಕುದುರೆಯ ಮೇಲೆ ಹಿಂಸೆ ನಡೆಯುತ್ತಿರುವುದು ಕಂಡುಬಂದಲ್ಲಿ ಸಾರ್ವಜನಿಕರು ಸ್ಥಳೀಯ ಪೊಲೀಸ್ ಠಾಣೆಗೆ ಅಥವಾ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ತಿಳಿಸಬಹುದಾಗಿದೆ.